ನಾಲ್ಕು ಬ್ರಾಂಚ್‌ಗೆ ರಿಮೋಟ್ ಡೆಸ್ಕ್‌ಟಾಪ್: ಬಳಸಿ ನೋಡಿ ಉಳಿಸಿಕೊಂಡದ್ದು ಎರಡು

ನಮ್ಮದು ನಾಲ್ಕು ಬ್ರಾಂಚ್. ಎಲ್ಲ ಕಂಪ್ಯೂಟರ್ ನೋಡಿಕೊಳ್ಳುವವರು ಇಬ್ಬರೇ. ಅದಕ್ಕೇ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಕುಳಿತಲ್ಲಿಂದಲೇ ದೂರದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್, ಬೇಕೇ ಬೇಕಿತ್ತು.

ಮೊದಲು ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ತೆಗೆದುಕೊಂಡೆವು, ಹೆಸರು ಬೇಡ. ಹೆಡ್ ಆಫೀಸಿನಲ್ಲಿ ಡೆಮೊ ನೋಡಿದಾಗ ಬಹಳ ಚೆನ್ನಾಗಿತ್ತು. ಮೊಬೈಲ್ ಡೇಟಾ ಮೇಲೆ ನಡೆಯುವ ಚಿಕ್ಕ ಬ್ರಾಂಚ್‌ನಲ್ಲಿ ಹಾಕಿದಾಗ ಕಥೆಯೇ ಬೇರೆ. ಅಲ್ಲಿಂದ ಹೆಡ್ ಆಫೀಸಿನ ಕಂಪ್ಯೂಟರ್‌ಗೆ ಸೇರಿ ಅಕೌಂಟ್ಸ್ ನೋಡುವವರು 500 ಅಂತ ಒತ್ತಿದರು, ಪರದೆಯ ಮೇಲೆ ಏನೂ ಕಾಣಲಿಲ್ಲ, ಮತ್ತೆ ಒತ್ತಿದರು, ಸ್ವಲ್ಪ ಹೊತ್ತಿಗೆ 500500 ಅಂತ ಮೂಡಿತು. ಡೌನ್‌ಲೋಡ್ ಸ್ಪೀಡ್ ಜಾಸ್ತಿ ಇದ್ದರೆ ಸಾಕು ಅಂದುಕೊಂಡಿದ್ದೆ, ಆದರೆ ಒತ್ತಿದ ಕೀ ಅಲ್ಲಿಗೆ ಹೋಗಿ ಚಿತ್ರ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದೇ ಮುಖ್ಯ. ಹಾಗಾಗಿ ನೀವು ಯಾವುದನ್ನೇ ಕೊಳ್ಳುವ ಮೊದಲು ಅತಿ ನಿಧಾನದ ಬ್ರಾಂಚ್‌ನಲ್ಲಿ ಒಂದು ವಾರ ನಿಜವಾದ ಕೆಲಸ ಮಾಡಿಸಿ ನೋಡಿ.

ಈಗ ದಿನದ ಕೆಲಸಕ್ಕೆ ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಆದ ಆರ್‌ಡಿಪಿ ಬಳಸುತ್ತೇವೆ. ನಿಧಾನದ ಲೈನಿನಲ್ಲೂ ಟೈಪಿಂಗ್ ಪರವಾಗಿಲ್ಲ. ಆದರೆ ಯಾವ ಕಂಪ್ಯೂಟರ್‌ಗೆ ಕನೆಕ್ಟ್ ಆಗಬೇಕೋ ಅದರಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಇದ್ದರೆ ಆಗುವುದಿಲ್ಲ. ಇನ್ನೊಂದು ವಿಷಯ ಕೈಮುಗಿದು ಹೇಳುತ್ತೇನೆ: ರೂಟರ್‌ನಲ್ಲಿ ಆರ್‌ಡಿಪಿಯ 3389 ಪೋರ್ಟ್ (ಒಳಬರುವ ಬಾಗಿಲು) ತೆರೆದು ಇಂಟರ್ನೆಟ್‌ಗೆ ನೇರವಾಗಿ ಬಿಡಬೇಡಿ. 2019ರಲ್ಲಿ ಹಳೆಯ ವಿಂಡೋಸ್‌ಗಳ ಆರ್‌ಡಿಪಿಯಲ್ಲಿ ಬ್ಲೂಕೀಪ್ ಅನ್ನುವ ದೋಷ ಸಿಕ್ಕಾಗ, ಪಾಸ್‌ವರ್ಡ್ ಇಲ್ಲದೆಯೇ ಒಳಗೆ ನುಗ್ಗಬಹುದಿತ್ತು. ಬೆಂಬಲ ನಿಂತುಹೋಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಕೊಡಬೇಕಾಯಿತು. ಮೊದಲು ವಿಪಿಎನ್ (ಇಂಟರ್ನೆಟ್ ಮೇಲೆ ನಮ್ಮವರಿಗಷ್ಟೇ ಇರುವ ಸುರಕ್ಷಿತ ದಾರಿ), ಆಮೇಲೆ ಆರ್‌ಡಿಪಿ.

ಆದರೆ ಆರ್‌ಡಿಪಿಯಲ್ಲಿ ನಾನು ಒಳಗೆ ಹೋದರೆ ಅಲ್ಲಿ ಕುಳಿತವರ ಪರದೆ ಲಾಕ್ ಆಗುತ್ತದೆ. ಯಾರಾದರೂ "ಇಲ್ಲಿ ಏನೋ ಎರರ್ ಬರ್ತಿದೆ, ನೋಡಿ ಸರ್" ಅಂದರೆ ಇಬ್ಬರೂ ಒಂದೇ ಪರದೆ ನೋಡಬೇಕು, ಅಲ್ವಾ? ಅದಕ್ಕೆ ರಸ್ಟ್‌ಡೆಸ್ಕ್ ಇಟ್ಟುಕೊಂಡಿದ್ದೇವೆ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿದೆ), ಸರ್ವರ್ ನಮ್ಮದೇ. ಎರಡು ಕಂಪ್ಯೂಟರ್ ನೇರವಾಗಿ ಸೇರಲು ಆಗದಿದ್ದರೆ ಮಾತ್ರ ನಮ್ಮ ಸರ್ವರ್ ಮೂಲಕ ಹೋಗುತ್ತದೆ. ರಸ್ಟ್‌ಡೆಸ್ಕ್ ಅನ್ನು ಎಲ್ಲ ಕಂಪ್ಯೂಟರ್‌ನಲ್ಲೂ ಸುಮ್ನೆ ಓಡಿಸದೆ ಇನ್‌ಸ್ಟಾಲ್ ಮಾಡಿ. ಇಲ್ಲದಿದ್ದರೆ ಅಡ್ಮಿನ್ ಅನುಮತಿ ಕೇಳುವ ಕಿಟಕಿ ಬಂದಾಗ ದೂರದಿಂದ ಏನೂ ಒತ್ತಲಾಗದೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗೆಯೇ ಕಂಪ್ಯೂಟರ್ ಸ್ಲೀಪ್‌ಗೆ ಹೋಗುವ ಸೆಟ್ಟಿಂಗ್ ತೆಗೆದುಹಾಕಿ, ಮಲಗಿದ ಯಂತ್ರ ಯಾವ ಸಾಫ್ಟ್‌ವೇರ್‌ಗೂ ಓಗೊಡುವುದಿಲ್ಲ.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಕೂಡ ನೋಡಿದೆವು. ಒಂದೆರಡು ಯಂತ್ರಕ್ಕೆ ಒಳ್ಳೆಯದು, ನಮ್ಮಷ್ಟು ಜನಕ್ಕೆ ಯಾರಿಗೆ ಯಾವುದು ಅಂತ ಲೆಕ್ಕ ಇಡುವುದು ಕಷ್ಟವಾಯಿತು.

ಪ್ರಿಂಟ್ ವಿಷಯ ಮಾತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ. ಆರ್‌ಡಿಪಿಯೊಳಗೆ ಪ್ರಿಂಟ್ ಕೊಡುವಾಗ ‘ರೀಡೈರೆಕ್ಟೆಡ್’ ಅಂತ ಇರುವ, ಅಂದರೆ ತಮ್ಮ ಬ್ರಾಂಚ್‌ನ ಪ್ರಿಂಟರ್ ಆರಿಸಬೇಕು, ಮರೆತರೆ ಬಿಲ್ ಹೆಡ್ ಆಫೀಸಿನಲ್ಲಿ ಹೊರಬರುತ್ತದೆ. ಸದ್ಯಕ್ಕೆ ಎಲ್ಲರ ಮಾನಿಟರ್ ಕೆಳಗೂ ಒಂದು ಚೀಟಿ ಅಂಟಿಸಿದ್ದೇನೆ.