ಸೆಂಟ್ರಿ: ಪುಟ್ಟ ವಿಮಾನಕ್ಕೊಂದು ಕಾವಲು

ಸೆಸ್ನಾ 172ರಂಥ ಪುಟ್ಟ ವಿಮಾನಗಳಲ್ಲಿ ಎಂಜಿನ್ನಿನ ಸೈಲೆನ್ಸರಿನ ಸುತ್ತ ಹಾದು ಬಿಸಿಯಾದ ಗಾಳಿಯೇ ಕ್ಯಾಬಿನ್ನನ್ನು ಬೆಚ್ಚಗಿಡುವುದರಿಂದ, ಆ ಲೋಹದಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿಕೊಳ್ಳಬಹುದು. ಇದರ ಪತ್ತೆಯಂತ್ರ ಕಡ್ಡಾಯವಾಗಬೇಕೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2004ರಲ್ಲೂ 2022ರಲ್ಲೂ ಶಿಫಾರಸು ಮಾಡಿದೆ. ಕಿಟಕಿಯ ಗಾಜಿಗೆ ಕಚ್ಚಿಕೊಳ್ಳುವ ಸೆಂಟ್ರಿ ಉಪಕರಣವು ಸುತ್ತಲಿನ ವಿಮಾನಗಳು ತಾವಿರುವ ಜಾಗ ತಿಳಿಸಲು ಬಿತ್ತರಿಸುವ ಎಡಿಎಸ್-ಬಿ ರೇಡಿಯೋ ಸಂಕೇತಗಳನ್ನೂ ಹವಾಮಾನದ ವಿವರಗಳನ್ನೂ ಪೈಲಟ್‌ಗಳು ಬಳಸುವ ಐಪ್ಯಾಡಿನ ಫೋರ್‌ಫ್ಲೈಟ್ ಆ್ಯಪ್‌ಗೆ ಕಳಿಸುವುದರ ಜೊತೆಗೆ, ಈ ವಿಷಾನಿಲ ಹೆಚ್ಚಿದೊಡನೆ ಸದ್ದು ಮಾಡಿ ಎಚ್ಚರಿಸುತ್ತದೆ. ನನ್ನ ದೃಷ್ಟಿಯಲ್ಲಿ ಇದರ ಬೆಲೆಯಿರುವುದೇ ಆ ಸದ್ದಿನಲ್ಲಿ. ಈ ಅನಿಲ ತಾಗಿದರೆ ಬಣ್ಣ ಬದಲಿಸುವ ಅಗ್ಗದ ಚೀಟಿಯನ್ನು, ತಲೆ ಭಾರವಾಗಿ ಮಂಪರು ಕವಿದ ಪೈಲಟ್ ತಿರುಗಿ ನೋಡುವುದಾದರೂ ಹೇಗೆ? ಹವಾಮಾನದ ವಿವರ ಅಮೆರಿಕದ ನೆಲಕೇಂದ್ರಗಳಿಂದ ಬರುವುದರಿಂದ ಭಾರತದಲ್ಲಿ ಹಾರುವವರಿಗೆ ಆ ಭಾಗ ಪ್ರಯೋಜನಕ್ಕೆ ಬಾರದು. ಕಡಿಮೆ ಬೆಲೆಯ ಮಿನಿ ಮಾದರಿಯಲ್ಲಂತೂ ಅನಿಲದ ಎಚ್ಚರಿಕೆಯೇ ಇಲ್ಲ, ಕೊಳ್ಳುವಾಗ ದಯವಿಟ್ಟು ಗಮನಿಸಿ.