ಮನೆಯಲ್ಲೇ ನೀರು ಪರೀಕ್ಷಿಸುವ ಕಿಟ್: ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು

ನಗರದ ಎಷ್ಟೋ ಮನೆಗಳಲ್ಲಿ ಕೊಳಾಯಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಅಡುಗೆಮನೆಯ ನಲ್ಲಿಯಲ್ಲಷ್ಟೇ ಹಿಡಿದು ನೋಡಿದರೆ ಕೊಳೆ ಎಲ್ಲಿ ಸೇರಿತೆಂದು ತಿಳಿಯುವುದಿಲ್ಲ. ಮೂಲದಲ್ಲಿ, ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸುವವರಿಗೆ ಮಾತ್ರ ಈ ಕಿಟ್ ಕೊಂಡದ್ದಕ್ಕೆ ಸಾರ್ಥಕ.

ಜನ ಮೊದಲು ಕೈಗೆತ್ತಿಕೊಳ್ಳುವುದು ಟಿಡಿಎಸ್ ಪೆನ್ನು. ಕಿಟ್‌ನಲ್ಲಿ ಅತಿ ಕಡಿಮೆ ಹೇಳುವುದೂ ಅದೇ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅಂದರೆ ಕರಗಿದ ಲವಣಗಳನ್ನು. ಬ್ಯಾಕ್ಟೀರಿಯಾ, ಕೀಟನಾಶಕ ಅದಕ್ಕೆ ಕಾಣುವುದಿಲ್ಲ. ಸೀಸಕ್ಕೂ ಆರ್ಸೆನಿಕ್‌ಗೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಷ್ಟಕ್ಕೆ ಪೆನ್ನಿನ ಅಂಕಿ ಅಲುಗುವುದೂ ಇಲ್ಲ. ಸಂಪಿನಲ್ಲಿ ಕೊಳಾಯಿ ನೀರು ಹೆಚ್ಚೋ ಬೋರ್‌ವೆಲ್ ನೀರು ಹೆಚ್ಚೋ ಎಂದು ಅಂದಾಜು ಮಾಡಲು ಇಟ್ಟುಕೊಳ್ಳಿ, ಸಾಕು.

ನಿಜವಾಗಿ ಕೆಲಸಕ್ಕೆ ಬರುವುದು ಕ್ಲೋರಿನ್ ಪರೀಕ್ಷೆ. ಹಳದಿ ಬಣ್ಣ ಬರುವ ಓಟಿಒ ದ್ರಾವಣ ಒಟ್ಟು ಕ್ಲೋರಿನ್ ತೋರಿಸುತ್ತದೆ. ಗುಲಾಬಿ ಬಣ್ಣದ ಡಿಪಿಡಿ-1 ಮಾತ್ರೆ ತೋರಿಸುವುದು ಮುಕ್ತ ಕ್ಲೋರಿನ್, ಬ್ಯಾಕ್ಟೀರಿಯಾ ಕೊಲ್ಲಲು ಚುರುಕಾಗಿರುವ ಭಾಗ. ಡಿಪಿಡಿ ಇರುವ ಕಿಟ್ಟನ್ನೇ ಆರಿಸಿಕೊಳ್ಳಿ. ಮನೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿದಿರಬೇಕು. ಕೊಳಾಯಿಯಲ್ಲಿ 0.5 ಇದ್ದದ್ದು ಟ್ಯಾಂಕಿನಲ್ಲಿ ಸೊನ್ನೆಯಾದರೆ ನೀರು ಬಹಳ ದಿನ ನಿಂತಿದೆ, ಇಲ್ಲವೇ ತಳದ ಕೆಸರು ಕ್ಲೋರಿನ್ ತಿಂದಿದೆ. ಒಂದು ಎಚ್ಚರಿಕೆ: ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣ ಮೂಡಿದ ಕೂಡಲೇ ಮಾಯವಾಗಿ ಸೊನ್ನೆಯಂತೆ ಕಾಣುತ್ತದೆ. ಅನುಮಾನ ಬಂದರೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ತೆಳುಮಾಡಿ ಮತ್ತೆ ನೋಡಿ. ಬಣ್ಣ ಹೋಲಿಸುವುದು ಹಗಲು ಬೆಳಕಿನಲ್ಲೇ ಆಗಬೇಕು.

ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್ ಅನಿಲ) ಬಾಟಲಿ ಬ್ಯಾಕ್ಟೀರಿಯಾ ಪರೀಕ್ಷೆಗೆ. ಬಾಯಿಯ ಒಳಗೂ ಮುಚ್ಚಳದ ಒಳಗೂ ಬೆರಳು ತಾಗಿಸದೆ ಗೆರೆಯವರೆಗೆ ತುಂಬಿ, 30ರಿಂದ 37 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲದ ಕೊಳೆ ಸೇರಿರುವ ಅನುಮಾನ. ಕ್ಲೋರಿನ್ ಇರುವ ನೀರಿಗೆ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು. ಇಲ್ಲದಿದ್ದರೆ ಕ್ಲೋರಿನ್ ಬಾಟಲಿಯೊಳಗೂ ಕೊಲ್ಲುತ್ತಲೇ ಇದ್ದು, ಕೆಟ್ಟ ನೀರೂ ಪಾಸಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಬೋರ್‌ವೆಲ್ ನೀರು ತುಂಬಿದ ಕೆಲವೇ ನಿಮಿಷದಲ್ಲಿ ಕಪ್ಪಾದರೆ ಅದು ನೀರಲ್ಲಿ ಮೊದಲೇ ಇದ್ದ ಸಲ್ಫೈಡ್. ಅಲ್ಲಿ ಈ ಬಾಟಲಿಯನ್ನು ನೆಚ್ಚಬೇಡಿ.

ಕೊಳಾಯಿ ನೀರು ದಿನವಿಡೀ ಬರದ ಕಡೆ, ಬಿಟ್ಟ ತಕ್ಷಣದ ನೀರಿಗೆ ಒಂದು ಬಾಟಲಿ, ಹತ್ತು ನಿಮಿಷದ ನಂತರದ್ದಕ್ಕೆ ಇನ್ನೊಂದು ಇಡಿ. ಪೈಪಿನಲ್ಲಿ ಒತ್ತಡ ಇಳಿದಾಗ ಸೋರುವ ಜಾಯಿಂಟುಗಳ ಮೂಲಕ ಪಕ್ಕದ ಒಳಚರಂಡಿಯ ಕೊಳಕು ಒಳಗೆ ಎಳೆದುಕೊಳ್ಳುತ್ತದೆ. ಮೊದಲನೆಯದು ಮಾತ್ರ ಕಪ್ಪಾದರೆ ಮೊದಲು ನೋಡಬೇಕಾದ್ದು ಬೀದಿಯ ಪೈಪು. ಇಷ್ಟು ಮುಖ್ಯವಾದ ವಿಷಯವನ್ನು ಕಿಟ್‌ಗಳ ಕೈಪಿಡಿಗಳು ದಪ್ಪಕ್ಷರದಲ್ಲಿ ಹಾಕಬೇಕು.

ನೈಟ್ರೇಟ್ ಪರೀಕ್ಷೆ ಬೋರ್‌ವೆಲ್ ಇದ್ದವರಿಗೆ ಅತ್ಯಗತ್ಯ. ಇಂಗುಗುಂಡಿ, ಒಳಚರಂಡಿ ಸೋರಿಕೆಯ ಸುಳಿವು ಇಲ್ಲೇ ಸಿಗುತ್ತದೆ. ಬಣ್ಣದ ಪಟ್ಟಿಯ ಅಂಕಿ ಇಡೀ ನೈಟ್ರೇಟಿನದೋ, ಅದರೊಳಗಿನ ನೈಟ್ರೋಜನ್ ಮಾತ್ರ ಲೆಕ್ಕ ಹಾಕುವ ನೈಟ್ರೇಟ್-ನೈಟ್ರೋಜನ್ನಿನದೋ ಓದಿಕೊಳ್ಳಿ: ಎರಡನೆಯದಾದರೆ 4.43ರಿಂದ ಗುಣಿಸಬೇಕು. ನೈಟ್ರೇಟ್ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿ.ಗ್ರಾಂ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ.

ಗಡಸುತನದ ಪರೀಕ್ಷೆ ಸುಲಭ, ಕೆಂಪು ನೀಲಿಯಾಗುವವರೆಗೆ ಹನಿ ಎಣಿಸಿದರಾಯಿತು. ಸೀಸ, ಆರ್ಸೆನಿಕ್, ಕೀಟನಾಶಕಗಳಿಗೆ ಪ್ರಯೋಗಾಲಯವೇ ಗತಿ. ಕೊಳ್ಳುವಾಗ ಪ್ರತಿ ಸೀಸೆಯ ಅವಧಿ ದಿನಾಂಕ ನೋಡಿ. ಕಪ್ಪಾದ ಬಾಟಲಿಗೆ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಟ್ಟೇ ಚೆಲ್ಲಿ.