ಮಿನಿ ಕೂಪರ್ ಎಸ್‌ಗೆ ಶೇ. 15ರ ಪುಲ್ಲಿ: ಚಿಕ್ಕಬಳ್ಳಾಪುರದ ಎತ್ತರದಲ್ಲಿ ಸಿಗುವುದೆಷ್ಟು?

ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಲೋಹದ ಗಾಲಿ, ಮೈ ಸುತ್ತ ಬೆಲ್ಟ್ ಕೂರುವ ಆರು ಗೆರೆ. ಆರ್53 ಮಿನಿ ಕೂಪರ್ ಎಸ್‌ಗೆ ಹಾಕುವ ಶೇ. 15ರ ರಿಡಕ್ಷನ್ ಪುಲ್ಲಿ ಅಂದರೆ ಇಷ್ಟೇ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಅನ್ನು ತಿರುಗಿಸುವ ಗಾಲಿ ಇದು. ಕಂಪನಿಯದ್ದಕ್ಕಿಂತ ವ್ಯಾಸ ಶೇ. 15 ಕಡಿಮೆ, ಹಾಗಾಗಿ ಸೂಪರ್‌ಚಾರ್ಜರ್ ಶೇ. 17ರಷ್ಟು ಹೆಚ್ಚು ವೇಗದಲ್ಲಿ ತಿರುಗುತ್ತದೆ. ಈ ಕಾರಿನ ಹಾರ್ಸ್‌ಪವರ್ ಏರಿಸಬೇಕು ಅಂದ ಕೂಡಲೇ ಎಲ್ಲರೂ ಮೊದಲು ಹೇಳುವ ಭಾಗ ಇದು. ಕೊಟ್ಟ ದುಡ್ಡಿಗೆ ಇದರಷ್ಟು ಕೆಲಸ ಮಾಡುವ ಇನ್ನೊಂದು ಭಾಗ ಈ ಕಾರಿಗೆ ಇಲ್ಲ ಅನ್ನುವುದೂ ನಿಜ. ಆದರೆ ಮಾರುವವರು ಕೊಡುವ ಅಂಕಿಗಳೆಲ್ಲ ಸಮುದ್ರ ಮಟ್ಟದವು. ಚಿಕ್ಕಬಳ್ಳಾಪುರ ಇರುವುದು ಸುಮಾರು 915 ಮೀಟರ್ ಎತ್ತರದಲ್ಲಿ. ಇಲ್ಲಿ ಈ ಪುಲ್ಲಿ ಮೊದಲು ಮಾಡುವ ಕೆಲಸ, ಎತ್ತರ ಕಿತ್ತುಕೊಂಡಿದ್ದನ್ನು ವಾಪಸ್ ಕೊಡಿಸುವುದು.

ಕಾರಿನ ಬಗ್ಗೆ ಎರಡು ಮಾತು. 2002ರಿಂದ 2006ರವರೆಗಿನ ಆರ್53ರಲ್ಲಿ 1,598 ಸಿಸಿ ಟ್ರೈಟೆಕ್ ಎಂಜಿನ್, 8.3:1 ಕಂಪ್ರೆಷನ್, ಈಟನ್ ಎಂ45 ಸೂಪರ್‌ಚಾರ್ಜರ್. ಮೊದಲು 163 ಹಾರ್ಸ್‌ಪವರ್, 2004ರ ಫೇಸ್‌ಲಿಫ್ಟ್ ಆದಮೇಲೆ 170. ಮಿನಿ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2012ರಲ್ಲಿ, ಅಷ್ಟರಲ್ಲಿ ಕೂಪರ್ ಎಸ್ ಟರ್ಬೊ ಆಗಿಬಿಟ್ಟಿತ್ತು. ಹಾಗಾಗಿ ನಮ್ಮ ಕಡೆ ಇರುವ ಸೂಪರ್‌ಚಾರ್ಜರ್ ಮಿನಿಗಳು ಯಾರೋ ಹೊರಗಿಂದ ತರಿಸಿಕೊಂಡವು. ಬೆರಳೆಣಿಕೆಯಷ್ಟು, ಎಲ್ಲವೂ ವಯಸ್ಸಾದವು. ಪುಲ್ಲಿ ಹಾಕುವಾಗ ಈ ವಯಸ್ಸನ್ನು ಮರೆಯುವಂತಿಲ್ಲ.

ಎಂ45 ಒಂದು ಸುತ್ತಿಗೆ 45 ಘನ ಇಂಚು, ಅಂದರೆ ಸುಮಾರು 0.74 ಲೀಟರ್ ಗಾಳಿ ತಳ್ಳುತ್ತದೆ. ಗಾಳಿ ತೆಳುವಾಗಿದ್ದರೂ ಅಷ್ಟೇ, ದಟ್ಟವಾಗಿದ್ದರೂ ಅಷ್ಟೇ. ಎಕ್ಸಾಸ್ಟ್ ಹೊಗೆಯಿಂದ ತಿರುಗುವ ಟರ್ಬೊ ಆದರೆ ಎತ್ತರಕ್ಕೆ ಹೋದಾಗ ಇನ್ನಷ್ಟು ಜೋರಾಗಿ ತಿರುಗಿ ಕೊರತೆ ತುಂಬಿಕೊಳ್ಳುತ್ತದೆ. ಸೂಪರ್‌ಚಾರ್ಜರ್ ಗಾಣದ ಎತ್ತಿನ ಹಾಗೆ ಎಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಗೆ ಕಟ್ಟಿದ್ದು, ಕ್ರ್ಯಾಂಕ್ ತಿರುಗಿಸಿದಷ್ಟೇ ತಿರುಗುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೊಪಾಸ್ಕಲ್ ಇದ್ದರೆ ಚಿಕ್ಕಬಳ್ಳಾಪುರದಲ್ಲಿ ಸುಮಾರು 91. ಕಂಪನಿ ಪುಲ್ಲಿಯಲ್ಲಿ ಎಂ45 ಒಳಗೆ ಬಂದ ಒತ್ತಡವನ್ನು ಹೆಚ್ಚುಕಡಿಮೆ 1.8 ಪಟ್ಟು ಮಾಡುತ್ತದೆ. ಅಂದರೆ ಸಮುದ್ರದ ಪಕ್ಕ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹೋಗುವ ಕೊಳವೆ) 182, ಇಲ್ಲಿ 164. 163 ಹಾರ್ಸ್‌ಪವರ್ ಕಾರು ನಮ್ಮೂರಿನಲ್ಲಿ 147ರ ಆಸುಪಾಸಿನದ್ದು. ಶೇ. 15ರ ಪುಲ್ಲಿ ಹಾಕಿದರೆ ಅನುಪಾತ 2ರ ಹತ್ತಿರ ಹೋಗುತ್ತದೆ, 91ರ ಎರಡು ಪಟ್ಟು 182. ಕಾರ್ಖಾನೆಯವರು ಉದ್ದೇಶಿಸಿದ್ದ ಒತ್ತಡವೇ ಎಂಜಿನ್‌ಗೆ ಇಲ್ಲಿ ಸಿಕ್ಕಂತಾಯಿತು. ಅದಕ್ಕಾಗಿಯೇ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಎತ್ತರದಲ್ಲಿ ಓಡುವ ಕಾರಿಗೆ ಇದು ಅತಿಯಾದ ಮಾರ್ಪಾಡಲ್ಲ, ಸರಿಯಾದ ಅಳತೆ ಅನ್ನುವುದು ನನ್ನ ಅಭಿಪ್ರಾಯ.

ಈ ಲೆಕ್ಕದಿಂದ ಇನ್ನೆರಡು ವಿಷಯ ತಿಳಿಯುತ್ತವೆ. ಹೊರದೇಶದವರು ಈ ಪುಲ್ಲಿಗೆ 14–15 ಪಿಎಸ್‌ಐ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿಗೆ ಸಿಗುವ ಒತ್ತಡ) ಹೇಳುತ್ತಾರೆ, ಇಲ್ಲಿ ಗೇಜ್ 13ರ ಹತ್ತಿರ ನಿಲ್ಲುತ್ತದೆ. ಬೆಲ್ಟ್ ಜಾರುತ್ತಿದೆ ಅಂದುಕೊಂಡು ಇನ್ನೂ ಚಿಕ್ಕ ಪುಲ್ಲಿಗೆ ಕೈಹಾಕಬೇಡಿ. ಎರಡನೆಯದು ಡೈನೋ, ಅಂದರೆ ಚಕ್ರಕ್ಕೆ ತಲುಪುವ ಶಕ್ತಿ ಅಳೆಯುವ ಯಂತ್ರ. ಬೆಂಗಳೂರಿನಲ್ಲಿ ಡೈನೋ ಮೇಲೆ ನಿಲ್ಲಿಸಿದಾಗ ಕೊಡುವ ಅಂಕಿಗೆ ಎತ್ತರದ ಕರೆಕ್ಷನ್ ಸೇರಿರುತ್ತದೆ, ಅದು ಹತ್ತಿರ ಹತ್ತಿರ ಶೇ. 10 ಇರಬಹುದು. ಪುಲ್ಲಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ, ಎರಡೂ ಸಲ ಕರೆಕ್ಷನ್ ಇಲ್ಲದ ಅಂಕಿಯನ್ನೇ ಕೇಳಿ ಪ್ರಿಂಟ್ ತೆಗೆಸಿಕೊಳ್ಳಿ. ಚಕ್ರದಲ್ಲಿ 15 ಹಾರ್ಸ್‌ಪವರ್ ಹೆಚ್ಚಿದ್ದರೆ ಪುಲ್ಲಿ ತನ್ನ ಕೆಲಸ ಮಾಡಿದೆ.

ಪುಲ್ಲಿಗಿಂತ ಮೊದಲು ನೋಡಬೇಕಾದದ್ದು ಸೂಪರ್‌ಚಾರ್ಜರ್‌ನ ಎಣ್ಣೆ. ಇಲ್ಲಿ ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಎಂ45ಕ್ಕೆ ಎರಡು ಎಣ್ಣೆ ಕೋಣೆ. ಒಂದು ಪುಲ್ಲಿ ಇರುವ ಮೂಗಿನ ಕಡೆ, ಇನ್ನೊಂದು ಹಿಂದೆ, ವಾಟರ್ ಪಂಪ್ ತಿರುಗಿಸುವ ಗೇರ್‌ಗಳ ಕಡೆ. ಹೌದು, ಈ ಕಾರಿನಲ್ಲಿ ವಾಟರ್ ಪಂಪ್‌ಗೆ ಬೆಲ್ಟ್ ಇಲ್ಲ, ಸೂಪರ್‌ಚಾರ್ಜರ್‌ನ ಹಿಂಬದಿಯ ಗೇರ್ ಅದನ್ನು ತಿರುಗಿಸುತ್ತದೆ. ಆ ಹಿಂದಿನ ಕೋಣೆಯಲ್ಲಿ ಇರುವುದೇ ಸ್ವಲ್ಪ ಎಣ್ಣೆ, ವರ್ಷಗಳಲ್ಲಿ ಒಣಗಿ ಅಂಟಾಗುತ್ತದೆ. ಕಾರ್ಖಾನೆಯ ಸರ್ವಿಸ್ ಪಟ್ಟಿಯಲ್ಲಿ ಅದನ್ನು ಬದಲಾಯಿಸುವ ಮಾತಿಲ್ಲದ ಕಾರಣ ಯಾರೂ ಮುಟ್ಟಿರುವುದಿಲ್ಲ. ಒಣ ಗೇರ್ ಹಲ್ಲು ಸವೆದು ಒಂದು ದಿನ ವಾಟರ್ ಪಂಪ್ ನಿಂತರೆ ಎಂಜಿನ್ ಕುದಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಅಂಥ ಗೇರ್‌ಗೆ ವೇಗ ಇನ್ನೂ ಶೇ. 17 ಹೆಚ್ಚಿಸುವುದು ಕೈಯಾರೆ ಕೇಡು ತಂದುಕೊಂಡಂತೆ.

ಎರಡೂ ಕಡೆ ಎಣ್ಣೆ ಸರಿಯಾಗಿ ತುಂಬಬೇಕಾದರೆ ಸೂಪರ್‌ಚಾರ್ಜರ್ ಕೆಳಗಿಳಿಯಲೇಬೇಕು. ಬಂಪರ್ ಬಿಚ್ಚಿ, ರೇಡಿಯೇಟರ್ ಇರುವ ಮುಂಭಾಗವನ್ನು ಮುಂದಕ್ಕೆ ಎಳೆದು ನಿಲ್ಲಿಸುವ ಸರ್ವಿಸ್ ಪೊಸಿಷನ್‌ನಲ್ಲಿ ಅನುಭವ ಇರುವ ಮೆಕ್ಯಾನಿಕ್‌ಗೂ ಒಂದು ಪೂರ್ತಿ ದಿನದ ಕೆಲಸ. ಹಳೇ ಎಣ್ಣೆ ಹೊರಬಂದಾಗ ಮೂಗು ಮುಚ್ಚಿಕೊಳ್ಳುವಷ್ಟು ಕೊಳೆತ ವಾಸನೆ ಬರುತ್ತದೆ. ಅದು ಮಾಮೂಲು, ಗಾಬರಿ ಬೇಡ. ಆ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಲೋಹದ ಹೊಳಪು ಕಂಡರೆ ಗೇರ್ ಹಲ್ಲು ನೋಡದೆ ಮುಂದೆ ಹೋಗಬೇಡಿ. ತುಂಬಬೇಕಾದದ್ದು ಸೂಪರ್‌ಚಾರ್ಜರ್‌ಗೆಂದೇ ಮಾಡಿದ ಎಣ್ಣೆ. ಎಂಜಿನ್ ಆಯಿಲ್, ಗೇರ್ ಆಯಿಲ್ ಯಾವುದೂ ಬೇಡ. ಹೇಗೂ ಬಿಚ್ಚಿರುವಾಗ ವಾಟರ್ ಪಂಪ್, ಥರ್ಮೋಸ್ಟಾಟ್, ಬೈಪಾಸ್ ವಾಲ್ವ್‌ನ ವ್ಯಾಕ್ಯೂಮ್ ಪೈಪು ಒಂದೇ ಸಲ ಮುಗಿಸಿ. ಬೈಪಾಸ್ ವಾಲ್ವ್‌ನ ಫ್ಲ್ಯಾಪ್ ಪೂರ್ತಿ ಮುಚ್ಚದಿದ್ದರೆ ಎಷ್ಟು ಚಿಕ್ಕ ಪುಲ್ಲಿ ಹಾಕಿದರೂ ಬೂಸ್ಟ್ ಒಳಗೊಳಗೇ ಸುತ್ತಿ ವ್ಯರ್ಥವಾಗುತ್ತದೆ.

ಇನ್ನು ಪುಲ್ಲಿಯೇ. ಖರೀದಿಸಿದ ಕೂಡಲೇ ವರ್ನಿಯರ್ ಹಿಡಿದು ಹಳೆಯದನ್ನೂ ಹೊಸದನ್ನೂ ಅಳೆಯಿರಿ. ವ್ಯಾಸವೇ ಶೇ. 15 ಕಡಿಮೆ ಇದ್ದರೆ ವೇಗ ಹೆಚ್ಚುವುದು ಶೇ. 17.6. ಕೆಲವರು ವೇಗದ ಏರಿಕೆಯನ್ನೇ ಶೇ. 15 ಅಂತ ಬರೆಯುತ್ತಾರೆ. ಬೆಲ್ಟಿನ ಉದ್ದ ಇದರ ಮೇಲೆ ನಿಂತಿರುವುದರಿಂದ ಅಂದಾಜು ನಡೆಯುವುದಿಲ್ಲ. ಮೇಲ್ಮೈ ಗಟ್ಟಿ ಆನೊಡೈಸ್ ಆಗಿರಬೇಕು ಅಥವಾ ಪುಲ್ಲಿ ಸ್ಟೀಲಿನದ್ದಾಗಿರಬೇಕು. ಬರೀ ಅಲ್ಯೂಮಿನಿಯಂ ಆದರೆ ನಮ್ಮ ಕಡೆಯ ಧೂಳು ಬೆಲ್ಟಿನ ಜೊತೆ ಸೇರಿ ಗೆರೆಗಳನ್ನು ಮರಳುಕಾಗದದ ಹಾಗೆ ತಿನ್ನುತ್ತದೆ.

ಲೇತ್‌ನಲ್ಲಿ ತಿರುಗಿಸಿ ಮಾಡಿಸಿಕೊಳ್ಳಬಹುದಲ್ಲ ಅಂತ ಕೇಳುವವರಿದ್ದಾರೆ. ಒಳ್ಳೆ ಟರ್ನರ್ ಕೈಯಲ್ಲಿ ಆಗದ ಕೆಲಸವಲ್ಲ. ಆದರೆ ಇದು ಪಂಪ್‌ಸೆಟ್ ಪುಲ್ಲಿ ಅಲ್ಲ. ಪಿಕೆ ಬೆಲ್ಟಿನ ಗೆರೆಗಳ ಅಂತರ 3.56 ಮಿಲಿಮೀಟರ್, ಕೋನ 40 ಡಿಗ್ರಿ. ಒಳರಂಧ್ರ ಶಾಫ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದಿದ್ದು ಬಿಗಿಯಾಗಿ ಕೂರಬೇಕು. ಎಂಜಿನ್ 6,500 ಆರ್‌ಪಿಎಂನಲ್ಲಿದ್ದಾಗ ಈ ಗಾಲಿ ಅದರ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿರುತ್ತದೆ. ಸ್ವಲ್ಪ ಓಲಾಡಿದರೂ ಮೂಗಿನ ಬೇರಿಂಗ್ ಹೋಗುತ್ತದೆ. ಸಿದ್ಧ ಪುಲ್ಲಿಯನ್ನೇ ತರಿಸಿಕೊಳ್ಳುವುದು ಮೇಲು.

ಹಾಕುವ ಕ್ರಮದಲ್ಲಿ ತಪ್ಪುವುದು ಹೆಚ್ಚಾಗಿ ಹಳೇ ಪುಲ್ಲಿ ಕೀಳುವಾಗ. ಬಲ ಮುಂಚಕ್ರ ಮತ್ತು ಲೈನರ್ ತೆಗೆದು, ಸಂಪ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಟ್ಟು, ಆ ಕಡೆಯ ಎಂಜಿನ್ ಮೌಂಟ್ ಬಿಚ್ಚಿದರೆ ಜಾಗ ಸಿಗುತ್ತದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಅನ್ನು ಉದ್ದ ಲಿವರ್‌ನಿಂದ ಒತ್ತಿ ಪಿನ್ ಹಾಕಿ ನಿಲ್ಲಿಸಬೇಕು. ಅದರ ಸ್ಪ್ರಿಂಗ್ ಬಲ ದೊಡ್ಡದು, ಬೆರಳು ನಡುವೆ ಇಡಬೇಡಿ. ಆಮೇಲೆ ಪುಲ್ಲಿಯ ಗೆರೆಗಳನ್ನೇ ಸುತ್ತಲೂ ಹಿಡಿಯುವ ಈ ಕಾರಿನದ್ದೇ ಪುಲ್ಲರ್ ಬೇಕು. ಗ್ಯಾರೇಜಿನಲ್ಲಿರುವ ಮಾಮೂಲಿ ಮೂರು ಕಾಲಿನ ಪುಲ್ಲರ್ ಜಾರಿ ಪುಲ್ಲಿಯ ಅಂಚು ಮುರಿಯುತ್ತದೆ. ಸುತ್ತಿಗೆ ಹಿಡಿದರಂತೂ ಪೆಟ್ಟು ನೇರ ಬೇರಿಂಗ್‌ಗೆ. ಪುಲ್ಲರ್ ಸಿಗದಿದ್ದರೆ ಕೆಲಸ ಮುಂದಕ್ಕೆ ಹಾಕಿ.

ಒಂದೇ ತುಂಡಿನ ಹೊಸ ಪುಲ್ಲಿಯನ್ನು ಓವನ್‌ನಲ್ಲಿ ಬಿಸಿ ಮಾಡಿದರೆ ರಂಧ್ರ ಹಿಗ್ಗಿ ಸಲೀಸಾಗಿ ಕೂರುತ್ತದೆ. ಗ್ಯಾಸ್ ಬೆಂಕಿ ಹಿಡಿದರೆ ಒಂದೇ ಕಡೆ ಕಾದು ಸೊಟ್ಟಗಾಗಬಹುದು. ಎಷ್ಟು ಆಳಕ್ಕೆ ಕೂರಬೇಕು ಅನ್ನುವುದನ್ನು ಹಳೆಯದನ್ನು ಕೀಳುವ ಮೊದಲೇ ಅಳೆದು ಬರೆದಿಟ್ಟಿರಬೇಕು. ಬೆಲ್ಟ್ ಕಂಪನಿಯದ್ದಕ್ಕಿಂತ ಚಿಕ್ಕ ಅಳತೆಯದ್ದು ಬೇಕು, ಆರು ಗೆರೆಯದ್ದೇ. ಹಳೇ ಉದ್ದದ ಬೆಲ್ಟ್ ಹಾಕಿದರೆ ಟೆನ್ಷನರ್ ತನ್ನ ಹಾದಿಯ ಕೊನೆಗೆ ಹೋಗಿ ಬಿಗಿ ಸಾಲುವುದಿಲ್ಲ. ಬಿಚ್ಚಿದ ಮೌಂಟ್ ಕೆಳಗೆ ಕಪ್ಪು ದ್ರವ ಸೋರಿದ್ದರೆ ಅದನ್ನೂ ಬದಲಾಯಿಸಿ. ಕ್ರ್ಯಾಂಕ್ ಪುಲ್ಲಿಯ ರಬ್ಬರ್ ಪದರ ಬಿರುಕು ಬಿಟ್ಟಿದೆಯೇ ನೋಡಿ. ಅದು ಬಿಟ್ಟುಕೊಂಡರೆ ಹೊರಗಾಲಿಯೇ ಬೇರೆಯಾಗಿ ಬೆಲ್ಟ್ ಹರಿಯುತ್ತದೆ.

ಪ್ಲಗ್ ಒಂದು ಹೆಜ್ಜೆ ತಣ್ಣಗಿನದು: ಎನ್‌ಜಿಕೆ ಬಿಕೆಆರ್6ಇಕ್ಯುಯುಪಿ ಬದಲು ಬಿಕೆಆರ್7ಇಕ್ಯುಯುಪಿ. ನಾಲ್ಕು ಎಲೆಕ್ಟ್ರೋಡಿನ ಪ್ಲಗ್, ಗ್ಯಾಪ್ ಮುಟ್ಟುವಂತಿಲ್ಲ. ಈ ಪುಲ್ಲಿಗೆ ಮೂಲ ಇಂಜೆಕ್ಟರ್ ಸಾಕು. ಶೇ. 17, 19ರ ಪುಲ್ಲಿಗೆ ಹೋಗುವವರು ಜಾನ್ ಕೂಪರ್ ವರ್ಕ್ಸ್‌ನ 380 ಸಿಸಿ ಇಂಜೆಕ್ಟರ್ ಮತ್ತು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಕೋಷ್ಟಕ ಬದಲಿಸುವುದು) ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟು ದೂರ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿಂದ ಮುಂದೆ ಬೂಸ್ಟಿಗಿಂತ ಬಿಸಿಯೇ ಹೆಚ್ಚು ಬರುತ್ತದೆ.

ಬಿಸಿಯ ಮಾತು. ಎಂ45 ಹಳೇ ರೂಟ್ಸ್ ಬಗೆಯದ್ದು, ಗಾಳಿಯನ್ನು ಒತ್ತುವುದರ ಜೊತೆ ಬೇಯಿಸುತ್ತದೆ. ದಕ್ಷತೆ ಶೇ. 60 ಅಂತ ಹಿಡಿದು, ಹೊರಗೆ 35 ಡಿಗ್ರಿ ಇದ್ದರೆ, ಪೂರ್ತಿ ಬೂಸ್ಟ್‌ನಲ್ಲಿ ಮೂಲ ಪುಲ್ಲಿಗೆ ಹೊರಬರುವ ಗಾಳಿ ಸುಮಾರು 130 ಡಿಗ್ರಿ, ಶೇ. 15ಕ್ಕೆ 150ರ ಹತ್ತಿರ. ಎತ್ತರದಲ್ಲಿ ಒತ್ತಡ ಇಳಿದರೂ ಈ ಬಿಸಿ ಇಳಿಯುವುದಿಲ್ಲ, ಏಕೆಂದರೆ ಅದು ನಿಂತಿರುವುದು ಅನುಪಾತದ ಮೇಲೆ. ಇದನ್ನೆಲ್ಲ ತಣಿಸಬೇಕಾದ ಇಂಟರ್‌ಕೂಲರ್ ಕೂತಿರುವುದು ಎಂಜಿನ್ ನೆತ್ತಿಯ ಮೇಲೆ, ಬಾನೆಟ್ ಸ್ಕೂಪಿನಿಂದ ಬರುವ ಗಾಳಿಯನ್ನೇ ನಂಬಿ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ತಿರುವುಗಳಲ್ಲಿ ಕಾರುಗಳು ಸಾಲುಗಟ್ಟಿ ಮೊದಲ ಗೇರಿನಲ್ಲಿ ಹತ್ತುವಾಗ ಆ ಸ್ಕೂಪಿಗೆ ಗಾಳಿಯೇ ಇಲ್ಲ. ಕಾರಿನ ಸೆನ್ಸರ್ ಅಂಕಿ ತೋರಿಸುವ ಓಬಿಡಿ ರೀಡರ್‌ನಲ್ಲಿ ಇನ್‌ಟೇಕ್ ಬಿಸಿ ಏರುತ್ತಾ ಹೋಗುವುದನ್ನೂ ಇಗ್ನಿಷನ್ ಟೈಮಿಂಗ್ ಹಿಂದೆ ಸರಿಯುವುದನ್ನೂ ಒಟ್ಟಿಗೆ ನೋಡಬಹುದು. 1,478 ಮೀಟರ್‌ನ ತುದಿ ತಲುಪುವಷ್ಟರಲ್ಲಿ ಪುಲ್ಲಿ ಕೊಟ್ಟದ್ದರಲ್ಲಿ ಬಹುಪಾಲನ್ನು ಎಂಜಿನ್ ಕಂಪ್ಯೂಟರ್ ಆದ ಇಸಿಯು ವಾಪಸ್ ತೆಗೆದುಕೊಂಡಿರುತ್ತದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆ ಒಂದೇ ವೇಗದಲ್ಲಿ ಹೋಗುವಾಗ ಈ ತೊಂದರೆ ಇಲ್ಲ.

ಹಾಗಾಗಿ ಎರಡನೇ ಖರ್ಚು ದೊಡ್ಡ ಇಂಟರ್‌ಕೂಲರ್‌ಗೆ ಆಗಲಿ, ಎಕ್ಸಾಸ್ಟ್‌ಗೆ ಬೇಡ. ಅದಕ್ಕೂ ಮೊದಲು ಇಂಟರ್‌ಕೂಲರ್‌ನ ಎರಡು ರಬ್ಬರ್ ಬೂಟ್‌ಗಳನ್ನು ಕೈಯಿಂದ ಮಡಚಿ ನೋಡಿ. ಒಳಮಡಿಕೆಯಲ್ಲಿ ಬಿರುಕು ಇದ್ದು, ಹೊರಗೆ ಎಣ್ಣೆಯ ಪಸೆಗೆ ಧೂಳು ಅಂಟಿದ್ದರೆ ಬೂಸ್ಟ್ ಅಲ್ಲೇ ಸೋರುತ್ತಿದೆ. ಕ್ರಷರ್‌ಗಳ ಕಲ್ಲುಪುಡಿ ಹಾರುವ ರಸ್ತೆಗಳಲ್ಲಿ ಓಡುವ ಕಾರಿಗೆ ತೆರೆದ ಕೋನ್ ಫಿಲ್ಟರ್ ಬೇಡವೇ ಬೇಡ. ಮುಚ್ಚಿದ ಡಬ್ಬಿ, ಪೇಪರ್ ಫಿಲ್ಟರ್, ಬೇಗ ಬೇಗ ಬದಲಾವಣೆ. ಆ ಪುಡಿ ರೋಟರ್‌ಗಳ ನಡುವಿನ ಸಂದಿಗೆ ಹೋದರೆ ಸೂಪರ್‌ಚಾರ್ಜರ್ ಸವೆದು ಹೋಗುತ್ತದೆ.

ಪೆಟ್ರೋಲ್ ವಿಷಯದಲ್ಲಿ ಎತ್ತರ ನಮ್ಮ ಕಡೆಗಿದೆ. ಸಿಲಿಂಡರಿನ ಒತ್ತಡ ಕಾರ್ಖಾನೆಯ ಮಟ್ಟದಲ್ಲೇ ಇರುವುದರಿಂದ ಇಲ್ಲಿ 95 ಆಕ್ಟೇನ್ ಹಾಕಿ ಓಡಿಸಬಹುದು. ಅದೇ ಕಾರು ಘಟ್ಟ ಇಳಿದು ಚೆನ್ನೈಗೋ ಮಂಗಳೂರಿಗೋ ಹೋದರೆ ಮ್ಯಾನಿಫೋಲ್ಡ್ ಒತ್ತಡ 200 ದಾಟುತ್ತದೆ, ಜೊತೆಗೆ ಅಲ್ಲಿನ ಸೆಕೆ. ಅಲ್ಲಿ 95ರಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ, ಸಿಕ್ಕ ಕಡೆ 100 ಆಕ್ಟೇನ್ ಹಾಕಿಸಿ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದಮೇಲೆ ಇನ್ನೊಂದು ಎಚ್ಚರ. ಶುದ್ಧ ಪೆಟ್ರೋಲ್‌ಗೆ 14.7 ಇದ್ದ ಗಾಳಿ–ಇಂಧನ ಅನುಪಾತ ಇ20ಕ್ಕೆ 13.5ರ ಸುಮಾರು. ಎಂಜಿನ್‌ಗೆ ಹೆಚ್ಚು ಇಂಧನ ಬೇಕು. ನಿಧಾನ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ಸರಿದೂಗಿಸುತ್ತದೆ, ಪೂರ್ತಿ ಒತ್ತಿದಾಗ ಇಸಿಯು ಆ ಕ್ಷಣದ ಸೆನ್ಸರ್ ಮಾತು ಕೇಳದೆ ತನ್ನ ಕೋಷ್ಟಕ ನೋಡುತ್ತದೆ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿ ಲ್ಯಾಂಬ್ಡಾದಲ್ಲೇ (1 ಅಂದರೆ ಸರಿ ಅನುಪಾತ, ಇಳಿದಷ್ಟೂ ಇಂಧನ ಹೆಚ್ಚು) ಅಳೆಯಿರಿ. ಪೂರ್ತಿ ಬೂಸ್ಟ್‌ನಲ್ಲಿ 0.85 ದಾಟಿ ಮೇಲೆ ಹೋದರೆ ರೀಮ್ಯಾಪ್ ಆಗುವವರೆಗೆ ಕಾಲು ಹಗುರವಿರಲಿ. ಹಳೇ ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿ.

ಕಾನೂನನ್ನು ಮುಚ್ಚಿಡುವುದು ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡಿಗೆ ಅವಕಾಶವಿಲ್ಲ, ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಬೀಳಬಹುದು. ಈ ಕಾರುಗಳು 15 ವರ್ಷ ದಾಟಿರುವುದರಿಂದ ಕೆಎ-40 ಆರ್‌ಟಿಒ ಮುಂದೆ ಆರ್‌ಸಿ ನವೀಕರಣಕ್ಕೂ ನಿಲ್ಲಬೇಕು. ವಿಮೆಯವರಿಗೆ ತಿಳಿಸದಿದ್ದರೆ ಕ್ಲೇಮ್ ತಿರಸ್ಕಾರವಾಗಬಹುದು. ಕಳಚಿದ ಪುಲ್ಲಿ ಮತ್ತು ಬೆಲ್ಟನ್ನು ಎಸೆಯದೆ ಎಣ್ಣೆ ಸವರಿ ಇಟ್ಟುಕೊಳ್ಳಿ.

ಹಾಕಿದ ಮೇಲೆ ಮೊದಲ 500 ಕಿಲೋಮೀಟರ್ ಆದಾಗ ಬಾನೆಟ್ ತೆಗೆದು ಟಾರ್ಚ್ ಬಿಟ್ಟು ಪುಲ್ಲಿಯ ಸುತ್ತ ನೋಡಿ. ಕಾಡಿಗೆಯಂಥ ಕಪ್ಪು ಪುಡಿ ಕೂತಿದ್ದರೆ ಬೆಲ್ಟ್ ಜಾರುತ್ತಿದೆ, 6,000ದ ಮೇಲೆ ಬೂಸ್ಟ್ ಇಳಿಯುತ್ತಿರುವುದೂ ಗೇಜಿನಲ್ಲಿ ಕಾಣುತ್ತದೆ. ಬೆಲ್ಟ್ ಅಳತೆ ಸರಿ ಇದ್ದೂ ಹೀಗಾದರೆ ಟೆನ್ಷನರ್‌ನ ಡ್ಯಾಂಪರ್ ಸತ್ತಿರುತ್ತದೆ. ಎಂಜಿನ್ ಐಡಲ್‌ನಲ್ಲಿದ್ದಾಗ ಟೆನ್ಷನರ್ ತೋಳು ನಡುಗುತ್ತಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ, ಬದಲಾಯಿಸಿ.